ಅವಳ ಕೈಗೆ ಕರಣೆ ಯಾಕೆ ಬರಲಿಲ್ಲ?

ನಮ್ಮ ದೇಶಕ್ಕೆ ಬಣ್ಣದ ಟಿವಿ ಬಂದಿದ್ದು ಯಾವಾಗ ಗೊತ್ತಾ? 1982ರಲ್ಲಿ. ಅದಕ್ಕೆ ಮುಖ್ಯ ಕಾರಣ ಆ ವರ್ಷ ದಿಲ್ಲಿಯಲ್ಲಿ ನಡೆದ ಏಷ್ಯನ್ ಗೇಮ್ಸ್. ಏಷ್ಯಾಡ್ ಅಂತಾನೇ ಎಲ್ಲರ ಬಾಯಲ್ಲೂ ಇದ್ದ ಹೆಸರು. ಅಪ್ಪು ಅನ್ನೋ ಆನೆಮರಿ ಅದರ ಲಾಂಛನ. ನವೆಂಬರ್ 19ಕ್ಕೆ ಜವಾಹರಲಾಲ್ ನೆಹರು ಸ್ಟೇಡಿಯಂನಲ್ಲಿ ಉದ್ಘಾಟನೆ. ಯಾರ ಮನೇಲಿ ಟಿವಿ ಇದೆಯೋ ಅವರ ಮನೆ ಮುಂದೆ ಚಪ್ಪಲಿ ರಾಶಿ. ನಮ್ಮಂಥ ಟಿವಿಯವರ ಅನ್ನದ ಇತಿಹಾಸ ಬರೆಯೋದಾದರೆ ಏಷ್ಯಾಡ್‌ಗೆ ಒಂದು ಅಧ್ಯಾಯ ಕೊಡಲೇಬೇಕು.

ಆದರೆ ಆ ಸ್ಟೇಡಿಯಂಗಳನ್ನು, ಫ್ಲೈಓವರ್‌ಗಳನ್ನು, ಕ್ರೀಡಾಗ್ರಾಮವನ್ನು ಕಟ್ಟಿದ್ದು ಯಾರು? ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾದ ಹಳ್ಳಿಗಳಿಂದ ಬಂದ ಕೂಲಿಗಳು. ಕರೆತಂದವರು ಜಮಾದಾರರು. ನಮ್ಮ ಕಡೆ ಮೇಸ್ತ್ರಿಗಳು ಆಳು ಕರ್ಕೊಂಡು ಬರ್ತಾರಲ್ಲ, ಹಾಗೇ. ಆಗ ನಿಗದಿಯಾಗಿದ್ದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಈ ದುಡ್ಡನ್ನು ಕೂಲಿಯವರ ಕೈಗೆ ಕೊಡುತ್ತಿರಲಿಲ್ಲ, ಜಮಾದಾರನ ಕೈಗೆ ಕೊಡುತ್ತಿದ್ದ. ಜಮಾದಾರ ತನ್ನ ಕಮಿಷನ್ ಅಂತ ಒಂದು ರೂಪಾಯಿ ಹಿಡ್ಕೊಂಡು 8 ರೂಪಾಯಿ 25 ಪೈಸೆ ಬಟವಾಡೆ ಮಾಡುತ್ತಿದ್ದ. ಹೆಂಗಸರಿಗೆ? ಏಳು ರೂಪಾಯಿ.

ಇದನ್ನು ನಾನು ಹೇಳ್ತಾ ಇರೋದಲ್ಲ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಅನ್ನೋ ಸಂಘಟನೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಬರೆದ ಪತ್ರದಲ್ಲಿದ್ದ ದೂರು. ನೆನಪಿಡಿ, ಅದು ಪತ್ರ. ಭಗವತಿಯವರು ಅದನ್ನೇ ರಿಟ್ ಅರ್ಜಿ ಅಂತ ಪರಿಗಣಿಸಿದರು. 1982ರ ಸೆಪ್ಟೆಂಬರ್ 18ರಂದು, ಆಟ ಶುರುವಾಗೋಕೆ ಎರಡು ತಿಂಗಳು ಬಾಕಿ ಇದ್ದಾಗ, ತೀರ್ಪು ಬಂತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳೋದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಅಂತ ಕೋರ್ಟ್ ಹೇಳಿತು. ಹೊಡೆದು ಬಡಿದು ದುಡಿಸಿದರೆ ಮಾತ್ರ ಬಲವಂತವಲ್ಲ, ಹೊಟ್ಟೆಯ ಹಸಿವೂ ಬಲವಂತವೇ ಅನ್ನೋದು ಅದರ ತಾತ್ಪರ್ಯ. ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಪಾಠ ಮಾಡೋ ತೀರ್ಪು ಇದು. ದೊಡ್ಡ ತೀರ್ಪು, ಅನುಮಾನವೇ ಇಲ್ಲ.

ನನಗೆ ಕಾಡೋದು ಆ ತೀರ್ಪಿನ ಆಚೆಗೆ ಉಳಿದುಹೋದ ಒಂದು ವಿಷಯ. ಏಳು ರೂಪಾಯಿಯನ್ನು ಒಂಬತ್ತೂಕಾಲು ಮಾಡಬಹುದು. ಅದು ಲೆಕ್ಕ. ಆದರೆ ಅವಳು ಯಾಕೆ ವರ್ಷಗಟ್ಟಲೆ ಬಾಂಡ್ಲಿಯನ್ನೇ ಹೊತ್ತಳು? ಅವಳ ಕೈಗೆ ಕರಣೆ ಯಾಕೆ ಬರಲಿಲ್ಲ?

ನಿಮ್ಮ ಬೀದಿಯಲ್ಲೇ ಒಂದು ಮನೆ ಏಳ್ತಾ ಇರುತ್ತೆ. ನಾಳೆ ಬೆಳಿಗ್ಗೆ ಹಾಲು ತರೋಕೆ ಹೋದಾಗ ಐದು ನಿಮಿಷ ನಿಂತು ನೋಡಿ. ಗೋಡೆ ಕಟ್ಟೋನು ಗಂಡಸು. ತೂಗುಗುಂಡು, ರಸಮಟ್ಟ ಹಿಡಿಯೋನು ಗಂಡಸು. ಕಂಬಿ ಕಟ್ಟೋನು, ಸೆಂಟ್ರಿಂಗ್ ಹೊಡೆಯೋನು, ಪ್ಲಾಸ್ಟರ್ ಬಳಿಯೋನು, ಎಲ್ಲಾ ಗಂಡಸರು. ಮರಳು ಜರಡಿ ಹಿಡಿಯೋದು, ನೀರು ಹೊರೋದು, ಇಟ್ಟಿಗೆ ಎತ್ತೋದು, ಕಲಸಿದ ಸಿಮೆಂಟನ್ನು ಸಿಂಬಿ ಇಟ್ಟ ತಲೆ ಮೇಲೆ ಮೂರನೇ ಮಹಡಿಗೆ ಸಾಗಿಸೋದು, ಸಂಜೆ ಸಾಮಾನು ತೊಳೆದಿಡೋದು, ಹೆಂಗಸರು. ಗಂಡಾಳು, ಹೆಣ್ಣಾಳು ಅಂತ ನಮ್ಮ ಭಾಷೆಯಲ್ಲೇ ಎರಡು ರೇಟು ಇದೆ. ಮನೆ ಕಟ್ಟಿಸಿದವರನ್ನ ಕೇಳಿ, ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ಅಂತ ಥಟ್ಟನೆ ಹೇಳ್ತಾರೆ. ಒಂದಿಷ್ಟೂ ಅಳುಕಿಲ್ಲದೆ ಹೇಳ್ತಾರೆ.

ಮೇಸ್ತ್ರಿಯನ್ನ ಕೇಳಿ ನೋಡಿ: "ಯಾಕಪ್ಪಾ, ಹೆಂಗಸರಿಗೆ ಗಾರೆ ಕೆಲಸ ಕಲಿಸಲ್ವಾ?" ಅವನು ನಗ್ತಾನೆ. "ಅವರಿಗೆ ಆಗಲ್ಲ ಸಾರ್, ತಾಕತ್ತು ಸಾಲಲ್ಲ." ತಾಕತ್ತಾ? ಒಂದು ಇಟ್ಟಿಗೆ ಸುಮಾರು ಮೂರು ಕೆಜಿ. ತಲೆ ಮೇಲೆ ಹತ್ತು ಇಟ್ಟಿಗೆ ಅಂದರೆ 30 ಕೆಜಿ. ಅದನ್ನು ಹೊತ್ತು ಕೈಪಿಡಿ ಇಲ್ಲದ ಮೆಟ್ಟಿಲು ಹತ್ತಿ ಇಳಿದು, ದಿನಕ್ಕೆ ಎಷ್ಟು ಸಲವೋ! ಕರಣೆಯ ತೂಕ ಎಷ್ಟು ಸ್ವಾಮಿ? ಅಂಗೈಯಲ್ಲಿ ಹಿಡಿಯೋ ವಸ್ತು ಅದು. ತಾಕತ್ತಿನ ಮಾತೇ ನಿಜವಾಗಿದ್ದರೆ ಅವಳು ಗೋಡೆ ಕಟ್ಟಬೇಕಿತ್ತು, ಅವನು ಇಟ್ಟಿಗೆ ಹೊರಬೇಕಿತ್ತು.

ಕಟ್ಟಡ ಕಾರ್ಮಿಕರ ಕೇಂದ್ರ ನಿಯಮಗಳಲ್ಲಿ ಒಬ್ಬ ಹೆಂಗಸು ಒಮ್ಮೆಗೆ 30 ಕೆಜಿಗಿಂತ ಹೆಚ್ಚು ಎತ್ತಬಾರದು, ಗಂಡಸು 55 ಕೆಜಿ ಮೀರಬಾರದು ಅಂತ ಇದೆ. ಒಳ್ಳೇದೇ. ಆದರೆ ಮಿತಿ ಇರೋದು ಒಮ್ಮೆಗೆ ಹೊರುವ ಭಾರಕ್ಕೆ. ದಿನಕ್ಕೆ ಎಷ್ಟು ಸಲ ಅನ್ನೋದಕ್ಕಲ್ಲ.

ಈ ಪದ್ಧತಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1909ರಲ್ಲಿ ಎಡ್ಗರ್ ಥರ್ಸ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ. ಅದರಲ್ಲಿ ಒಡ್ಡರ ಬಗ್ಗೆ, ಅಂದರೆ ಇವತ್ತು ಭೋವಿ ಅಂತ ಕರೆಸಿಕೊಳ್ಳೋ ಸಮುದಾಯದ ಬಗ್ಗೆ, ವಿವರ ಇದೆ. ನಮ್ಮ ಕೆರೆ, ಬಾವಿ, ರಸ್ತೆ, ರೈಲು ಹಳಿಯ ಏರಿ, ಇವುಗಳ ಹಿಂದೆಲ್ಲ ಇರೋ ಬೆವರು ಈ ಜನರದ್ದು. ಗುಂಪಾಗಿ ಗುತ್ತಿಗೆ ಹಿಡೀತಾರೆ, ತೀರಾ ಮುದುಕರು ಎಳೆ ಮಕ್ಕಳು ಬಿಟ್ಟರೆ ಎಲ್ಲರೂ ದುಡೀತಾರೆ, ಗಂಡಸರು ಅಗೀತಾರೆ, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊರ್ತಾರೆ ಅಂತ ಅಲ್ಲಿದೆ. ಹಸುಗೂಸುಗಳನ್ನು ಬಟ್ಟೆಯ ಜೋಳಿಗೆಯಲ್ಲಿ ಹಾಕಿ ಮರದ ಕೊಂಬೆಗೆ ಕಟ್ಟಿರ್ತಾರೆ ಅಂತಲೂ ಇದೆ. ಈ ಜೋಳಿಗೆಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗುಂಪು ಗುತ್ತಿಗೆ ಅಂದರೆ ಏನು? ಕೂಲಿ ಕೊಡೋದು ಇಷ್ಟು ಮಣ್ಣು ಅಗೆದಿದ್ದಕ್ಕೆ ಇಷ್ಟು ಅಂತ. ಗುಂಡಿ ಅಳತೆ ಮಾಡ್ತಾರೆ, ದುಡ್ಡು ಕೊಡ್ತಾರೆ. ಯಾರ ಕೈಗೆ? ಗುಂಪಿನ ಯಜಮಾನನ ಕೈಗೆ, ಅಲ್ಲಿಂದ ಮನೆಯ ಗಂಡಸಿನ ಕೈಗೆ. ಹೆಂಗಸು ಹೊತ್ತ ಮಣ್ಣೂ ಅದೇ ಗುಂಡಿಯ ಅಳತೆಯೊಳಗೇ ಸೇರಿಹೋಯಿತು. ಅವಳ ಕೂಲಿ ಅಂತ ಬೇರೆ ಲೆಕ್ಕವೇ ಇಲ್ಲ. ಇವತ್ತಿಗೂ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಹೋಗೋ ಕುಟುಂಬಗಳು ಬೆಂಗಳೂರಿಗೋ ಪುಣೆಗೋ ಗೋವಾಕ್ಕೋ ಜೋಡಿಯಾಗಿ ಹೋಗ್ತಾರೆ. ಗಂಡ ಹೆಂಡತಿ ಇಬ್ಬರೂ ಇದ್ದರೆ ಗುತ್ತಿಗೆದಾರನಿಗೂ ಇಷ್ಟ. ಶೆಡ್ಡು ಒಂದೇ ಸಾಕು, ಮುಂಗಡ ಒಬ್ಬನಿಗೆ ಕೊಟ್ಟರೆ ಇಬ್ಬರು ಸಿಕ್ತಾರೆ. ಅಡುಗೆಯ ಚಿಂತೆಯೂ ಇಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ಮಕ್ಕಳಿಗೆ ತಿನ್ನಿಸಿ ಕೆಲಸಕ್ಕೆ ಬರೋಳು ಅವಳೇ ತಾನೆ?

ಹಾಗಾದರೆ ಹಿಂದಿನ ಕಾಲದಲ್ಲಿ ಹೆಂಗಸರಿಗೆ ಕುಶಲ ಕೆಲಸವೇ ಇರಲಿಲ್ವಾ? ಇತ್ತು. ಸಿಮೆಂಟ್ ಬರೋ ಮುಂಚೆ ಸುಣ್ಣದ ಗಾರೆಯ ತಾರಸಿ ಇತ್ತಲ್ಲ, ಹಳೇ ಬಂಗಲೆಗಳಲ್ಲಿ ಈಗಲೂ ಇದೆ. ಮದ್ರಾಸ್ ತಾರಸಿ ಅಂತಾರೆ. ಇಟ್ಟಿಗೆ ಚೂರು, ಸುಣ್ಣ ಸೇರಿಸಿ ಹಾಸಿದ ಮೇಲೆ ಮರದ ಬಡಿಗೆಯಿಂದ ದಿನಗಟ್ಟಲೆ ಬಡೀಬೇಕು. ಸಾಲಾಗಿ ಕೂತು ಒಂದೇ ಲಯದಲ್ಲಿ ಬಡೀತಾ ಇದ್ದವರು ಹೆಂಗಸರು. ಬಡಿದ ಗುರುತು ಬೀಳದೆ ಬಡಿಗೆ ಪುಟಿದು ವಾಪಸ್ ಬಂತು ಅಂದರೆ ತಾರಸಿ ಹದಕ್ಕೆ ಬಂತು ಅಂತ ಲೆಕ್ಕ. ಹದ ಕಮ್ಮಿಯಾದರೆ ಮಳೆಗಾಲದಲ್ಲಿ ಮನೆ ಸೋರುತ್ತೆ. ಇದು ಕಸುಬಲ್ವಾ? ಇದು ಕೌಶಲ ಅಲ್ವಾ? ಆದರೂ ಕುಶಲಕರ್ಮಿ ಅನ್ನೋ ಹೆಸರು ಆಕೆಗೆ ಸಿಗಲಿಲ್ಲ. ಕಾಂಕ್ರೀಟ್ ತಾರಸಿ ಬಂತು, ಬಡಿಗೆ ಮೂಲೆ ಸೇರಿತು, ಅವಳು ಬಾಂಡ್ಲಿ ಎತ್ತಿಕೊಂಡಳು.

ಗಂಡನ ಜೊತೆ ಬಂದಿದ್ದಕ್ಕೇ ಹೀಗಾಯ್ತು, ಒಂಟಿಯಾಗಿ ಬಂದಿದ್ದರೆ ಬೇರೆ ಕಥೆ ಆಗ್ತಿತ್ತೇನೋ ಅಂತ ಕೆಲವರು ವಾದ ಮಾಡಬಹುದು. ಅವರಿಗೆ ಸಿಂಗಾಪುರದ ಕಥೆ ಹೇಳ್ತೀನಿ. 1930ರ ದಶಕದ ಆರ್ಥಿಕ ಕುಸಿತದ ಕಾಲ. ಸಿಂಗಾಪುರದಲ್ಲಿ ಬ್ರಿಟಿಷ್ ಸರ್ಕಾರ 1933ರಲ್ಲಿ ಕಾನೂನು ತಂದು ಹೊರಗಿನಿಂದ ಬರೋ ಗಂಡಾಳುಗಳ ಸಂಖ್ಯೆಗೆ ಮಿತಿ ಹಾಕಿತು. ಹೆಂಗಸರಿಗೆ ಕೆಲವು ವರ್ಷ ಆ ಮಿತಿ ಇರಲಿಲ್ಲ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಸಾನ್‌ಶುಯಿ ಕಡೆಯ ಹೆಂಗಸರು ಹಡಗು ಹತ್ತಿದರು. ಸಾಮ್‌ಸುಯಿ ಹೆಂಗಸರು ಅಂತಲೇ ಹೆಸರಾದರು. ತಲೆಗೆ ಮಡಚಿ ಕಟ್ಟಿದ ಕೆಂಪು ಬಟ್ಟೆ, ಕಾಲಿಗೆ ಹಳೇ ಟೈರ್ ಕತ್ತರಿಸಿ ಮಾಡಿದ ಚಪ್ಪಲಿ. ಬಹಳ ಮಂದಿಗೆ ಜೊತೆಯಲ್ಲಿ ಗಂಡ ಇಲ್ಲ. ಕೆಲವರು ಮದುವೆಯೇ ಬೇಡ ಅಂದವರು. ಅವರ ಕೂಲಿ ಅವರ ಕೈಗೇ ಬರ್ತಿತ್ತು, ಅದರಲ್ಲೇ ಉಳಿಸಿ ಊರಿಗೆ ಕಳಿಸೋರು. ಯಾರ ಹಂಗೂ ಇಲ್ಲದ ಗಟ್ಟಿ ಹೆಂಗಸರು. ಸಿಂಗಾಪುರ ಇವತ್ತು ಅವರನ್ನು ದೇಶ ಕಟ್ಟಿದವರು ಅಂತ ಕೊಂಡಾಡುತ್ತೆ. ಸರಿ, ಅವರು ಮಾಡುತ್ತಿದ್ದ ಕೆಲಸ ಏನು? ಮಣ್ಣು ಅಗೆಯೋದು, ಮಣ್ಣು ಹೊರೋದು, ಇಟ್ಟಿಗೆ ಹೊರೋದು. ಅಲ್ಲೂ ಕರಣೆ ಅವರಿಗೆ ಸಿಗಲಿಲ್ಲ.

ಇನ್ನೊಂದು ಕಡೆ ನೋಡಿ. ಲ್ಯಾಟಿನ್ ಅಮೆರಿಕದ, ಆಫ್ರಿಕಾದ ಬಹುಪಾಲು ದೇಶಗಳಲ್ಲಿ ಕಟ್ಟಡದ ಕೆಲಸ ಅಂದರೆ ಹೆಚ್ಚುಕಮ್ಮಿ ಪೂರ್ತಿ ಗಂಡಸರದ್ದೇ. ಭಾರತ, ನೇಪಾಳ, ಥಾಯ್ಲೆಂಡ್‌ನಂಥ ಕಡೆ ಹೆಂಗಸರು ದಂಡಿಯಾಗಿ ಕಾಣ್ತಾರೆ. ಅಂದರೆ ಹೆಣ್ಣಿನ ದೇಹಕ್ಕೆ ಈ ಕೆಲಸ ಒಗ್ಗಲ್ಲ ಅನ್ನೋದು ಒಂದೊಂದು ದೇಶಕ್ಕೆ ಒಂದೊಂದು ಥರ! ಒಂದು ಕಡೆ ಆಕೆ ಕಟ್ಟಡದ ಹತ್ತಿರ ಬರೋಕೇ ಆಗದಷ್ಟು ಅಬಲೆ. ಇನ್ನೊಂದು ಕಡೆ 30 ಕೆಜಿ ಹೊರೋವಷ್ಟು ಸಬಲೆ, ಆದರೆ ಕರಣೆ ಹಿಡಿಯೋಕೆ ಮಾತ್ರ ಅಬಲೆ.

ಈಗ ಕಾನೂನಿಗೆ ಬರೋಣ. ಸಮಾನ ವೇತನದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1951ರಲ್ಲಿ ಒಪ್ಪಂದ ಮಾಡಿತು. ಭಾರತ 1958ರಲ್ಲಿ ಅದಕ್ಕೆ ಸಹಿ ಬಿತ್ತು. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಆ ವರ್ಷ ಸುಗ್ರೀವಾಜ್ಞೆ, 1976ರಲ್ಲಿ ಸಮಾನ ವೇತನ ಕಾಯ್ದೆ. 2019ರ ವೇತನ ಸಂಹಿತೆಯಲ್ಲೂ ಅದೇ ಸಾರ ಮುಂದುವರಿದಿದೆ. ಏನದು ಸಾರ? ಒಂದೇ ಕೆಲಸಕ್ಕೆ ಅಥವಾ ಅದೇ ಬಗೆಯ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಕಟ್ಟಡದ ಜಾಗದಲ್ಲಿ ಇಬ್ಬರೂ ಒಂದೇ ಕೆಲಸ ಮಾಡೋದೇ ಇಲ್ಲವಲ್ಲ. ಅವನು ಕಟ್ತಾನೆ, ಅವಳು ಹೊರ್ತಾಳೆ. ಅವನು ಕುಶಲ, ಅವಳು ಅಕುಶಲ. ಕೆಲಸವನ್ನೇ ಎರಡಾಗಿ ಸೀಳಿಬಿಟ್ಟ ಮೇಲೆ ಕಾನೂನು ಯಾವುದನ್ನ ಯಾವುದರ ಜೊತೆ ಹೋಲಿಸಬೇಕು? ಗುತ್ತಿಗೆದಾರ ಕಾನೂನು ಮುರಿಯಬೇಕಾಗಿಯೇ ಇಲ್ಲ. ಕರಣೆಯನ್ನು ಅವಳಿಗೆ ಕೊಡದಿದ್ದರೆ ಸಾಕು.

ಕುಶಲ ಅಕುಶಲ ಅಂತ ನಿರ್ಧಾರ ಆಗೋದಾದರೂ ಹೇಗೆ? ಗಾರೆ ಕೆಲಸ ಕಾಲೇಜಿನಲ್ಲಿ ಓದಿ ಕಲಿಯೋದಲ್ಲ, ನೋಡ್ತಾ ನೋಡ್ತಾ ಕಲಿಯೋದು. ಹದಿನೆಂಟರ ಹುಡುಗ ಊರಿಂದ ಬರ್ತಾನೆ. ಮೊದಲು ಕೈಯಾಳು. ಮಧ್ಯಾಹ್ನ ಮೇಸ್ತ್ರಿ ಬೀಡಿ ಹಚ್ಚೋಕೆ ಕೂತಾಗ "ಏ, ಎರಡು ವರಸೆ ಕಟ್ಟು ನೋಡೋಣ" ಅಂತಾನೆ. ಸೊಟ್ಟ ಬಂದರೆ ಬೈದು ಕೀಳಿಸ್ತಾನೆ, ಮತ್ತೆ ಕಟ್ಟಿಸ್ತಾನೆ. ಮೂರು ನಾಲ್ಕು ವರ್ಷಕ್ಕೆ ಆ ಹುಡುಗ ಮೇಸ್ತ್ರಿ. ಅದೇ ಗೋಡೆಗೆ ಹದಿನೈದು ವರ್ಷದಿಂದ ಸಿಮೆಂಟ್ ಒದಗಿಸ್ತಾ ನಿಂತಿರೋ ಹೆಂಗಸಿಗೆ ಕಲಸು ಎಷ್ಟು ಗಟ್ಟಿ ಇರಬೇಕು, ಯಾವ ಗೋಡೆ ಸೊಟ್ಟ ಇದೆ ಎಲ್ಲ ಗೊತ್ತು. ಆದರೆ ಬೀಡಿ ಹಚ್ಚೋ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯಲ್ಲ. ಆ ಹೊತ್ತಿನಲ್ಲಿ ಅವಳು ಎಲ್ಲಿರ್ತಾಳೆ? ಜೋಳಿಗೆಯಲ್ಲಿ ಅಳ್ತಾ ಇರೋ ಮಗುವಿಗೆ ಹಾಲು ಕುಡಿಸೋಕೆ ಹೋಗಿರ್ತಾಳೆ.

ಆ ಜೋಳಿಗೆಗೆ ಈಗ ಬರ್ತೀನಿ. 1969, ಗಾಂಧಿ ಜನ್ಮಶತಾಬ್ದಿ. ದಿಲ್ಲಿಯ ರಾಜಘಾಟ್ ಪಕ್ಕದಲ್ಲಿ ಗಾಂಧಿ ದರ್ಶನ ಪ್ರದರ್ಶನಕ್ಕೆ ಕಟ್ಟಡಗಳು ಏಳುತ್ತಿದ್ದವು. ಗಾಂಧಿಯ ಹೆಸರಿನ ಜಾಗ. ಅಲ್ಲೇ ಕೂಲಿ ಹೆಂಗಸರ ಕೂಸುಗಳು ಮಣ್ಣಿನಲ್ಲಿ, ಧೂಳಿನಲ್ಲಿ ಬಿದ್ದಿದ್ದನ್ನು ಮೀರಾ ಮಹಾದೇವನ್ ನೋಡಿದರು. ಒಂದು ಡೇರೆ ಹಾಕಿಸಿ ಮಕ್ಕಳನ್ನ ಅಲ್ಲಿ ನೋಡಿಕೊಳ್ಳೋ ಏರ್ಪಾಡು ಮಾಡಿದರು. ಮೊಬೈಲ್ ಕ್ರೆಶಸ್ ಅನ್ನೋ ಸಂಸ್ಥೆ ಹುಟ್ಟಿದ್ದು ಹೀಗೆ. ಕಟ್ಟಡ ಮುಗಿದು ಕೂಲಿಗಳು ಮುಂದಿನ ಜಾಗಕ್ಕೆ ಹೊರಟರೆ ಶಿಶುವಿಹಾರವೂ ಹೊರಡೋದು. ಕೂಸನ್ನ ಕೆಲಸದ ಜಾಗದಲ್ಲೇ ನೋಡಿಕೊಳ್ಳೋರು ಇದ್ದರೆ ತಾಯಿ ಏನೆಲ್ಲ ಮಾಡಬಹುದು ಅಂತ ತೋರಿಸಿಕೊಟ್ಟ ಪ್ರಯತ್ನ ಅದು.

ಇದೇ ಯೋಚನೆ 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಗೆ ಬಂತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನೇತೃತ್ವದ ರಾಷ್ಟ್ರೀಯ ಅಭಿಯಾನ ಸಮಿತಿಯವರು ವರ್ಷಗಟ್ಟಲೆ ಹೋರಾಡಿ ಪಡೆದ ಕಾಯ್ದೆ. ಅದರ 35ನೇ ಸೆಕ್ಷನ್ ಪ್ರಕಾರ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಕೊಡಬೇಕಿತ್ತು. ಎಲ್ಲಿ? 50ಕ್ಕಿಂತ ಹೆಚ್ಚು ಹೆಣ್ಣು ಕಾರ್ಮಿಕರು ಇರೋ ಕಡೆ. ನಿಮ್ಮ ಬೀದಿಯ ಮೂರು ಮಹಡಿ ಮನೆಯಲ್ಲಿ 50 ಹೆಂಗಸರು ಎಲ್ಲಿ ಬರ್ತಾರೆ? ನಾಲ್ಕು ಜನ ಇರ್ತಾರೆ. ಆ ನಾಲ್ವರ ಕೂಸುಗಳು ಮರಳಿನ ರಾಶಿ ಮೇಲೆಯೇ.

ಕಟ್ಟಡದ ವೆಚ್ಚದ ಮೇಲೆ ಶೇಕಡ 1 ಸೆಸ್ ಹಾಕಿ ಕಾರ್ಮಿಕರ ಕಲ್ಯಾಣಕ್ಕೆ ನಿಧಿ ಮಾಡಬೇಕು ಅಂತಲೂ ಆಯ್ತು. ನಿಧಿ ತುಂಬಿತು, ಅದರಲ್ಲಿ ಮೋಸ ಇಲ್ಲ. 2018ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಬರೆದ ತೀರ್ಪು ಓದಿ. ದೇಶದಾದ್ಯಂತ ವಸೂಲಿಯಾಗಿದ್ದು 37,000 ಕೋಟಿಗೂ ಹೆಚ್ಚು. ಖರ್ಚಾಗಿದ್ದು ಸುಮಾರು 9,500 ಕೋಟಿ. ಅದರಲ್ಲೂ ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ ಕೊಟ್ಟ ಲೆಕ್ಕ ನೋಡಿ ಕೋರ್ಟ್ ಕೆರಳಿತ್ತು. ವಾಷಿಂಗ್ ಮೆಷಿನ್! ಶೆಡ್ಡಿನಲ್ಲಿ ನಲ್ಲಿ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ.

ನಿಧಿಯ ಸೌಲಭ್ಯ ಬೇಕಾದರೆ ನೋಂದಣಿ ಬೇಕು. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಜೋಡಿ ಲೆಕ್ಕದಲ್ಲಿ ದುಡಿಯೋ ಹೆಂಗಸು ಆ ದಾಖಲೆ ಎಲ್ಲಿಂದ ತರಬೇಕು? ಮುಂಗಡ ಗಂಡನ ಹೆಸರಲ್ಲಿ, ಬಟವಾಡೆ ಗಂಡನ ಹೆಸರಲ್ಲಿ. ಹೆರಿಗೆ ಸಹಾಯಧನ ಇರೋದು ಅವಳಿಗೆ, ಅದನ್ನ ಪಡೆಯೋಕೆ ಬೇಕಾದ ಪುಸ್ತಕದಲ್ಲಿ ಇಲ್ಲದೇ ಇರೋದೂ ಅವಳ ಹೆಸರೇ.

ಇಷ್ಟರಲ್ಲಿ ಯಂತ್ರಗಳು ಬಂದವು. 1990ರ ದಶಕದಿಂದ ರೆಡಿಮಿಕ್ಸ್ ಕಾಂಕ್ರೀಟ್ ಬಂತು. ಲಾರಿಯಲ್ಲೇ ಕಲಸು, ಪಂಪಿನಲ್ಲಿ ಇಪ್ಪತ್ತನೇ ಮಹಡಿಗೆ. ಇಟ್ಟಿಗೆ ಏರಿಸೋಕೆ ಲಿಫ್ಟು. ಮೊದಲೆಲ್ಲ ಮನೆಗೆ ಮೋಲ್ಡ್ ಹಾಕೋ ದಿನ ಅಂದರೆ ಹೆಂಗಸರ ಉದ್ದ ಸಾಲು, ಕೈಯಿಂದ ಕೈಗೆ ಬಾಂಡ್ಲಿ. ಈಗ ದೊಡ್ಡ ಕಟ್ಟಡಗಳಲ್ಲಿ ಆ ಸಾಲೇ ಇಲ್ಲ. ಭಾರ ಹೊರೋ ಕಷ್ಟ ತಪ್ಪಿತಲ್ಲ, ಖುಷಿ ಪಡಬೇಕು ಅಂತೀರಾ? ಪಡಬಹುದಿತ್ತು, ಅವಳಿಗೆ ಬೇರೆ ಕೆಲಸ ಕಲಿಸಿದ್ದರೆ. ಯಂತ್ರ ನುಂಗಿದ್ದು ಅವಳು ಮಾಡ್ತಾ ಇದ್ದ ಕೆಲಸವನ್ನ. ಆ ಯಂತ್ರ ನಡೆಸೋ ಕೆಲಸ ಹೋಗಿದ್ದು ಮತ್ತೆ ಗಂಡಸಿಗೆ.

ಕಲಿಸಿದರೆ ಕಲೀತಾರಾ ಅನ್ನೋ ಪ್ರಶ್ನೆಗೆ ಜಾರ್ಖಂಡ್ ಉತ್ತರ ಕೊಟ್ಟಾಗಿದೆ. ಸ್ವಚ್ಛ ಭಾರತ ಯೋಜನೆಯಲ್ಲಿ ಹಳ್ಳಿ ಹಳ್ಳಿಗೆ ಶೌಚಾಲಯ ಕಟ್ಟಬೇಕಿತ್ತು. ಗಾರೆಯವರು ಸಾಲಲಿಲ್ಲ. ಸ್ವಸಹಾಯ ಸಂಘದ ಹೆಂಗಸರಿಗೆ ತರಬೇತಿ ಕೊಟ್ಟರು, ಕಟ್ಟಿದರು. ಹಿಂದಿಯಲ್ಲಿ ಗಾರೆಯವನಿಗೆ ರಾಜ್‌ಮಿಸ್ತ್ರಿ ಅಂತಾರೆ. ಇವರಿಗೆ ರಾಣಿ ಮಿಸ್ತ್ರಿ ಅಂತ ಹೆಸರಾಯ್ತು. ಗಮನಿಸಿ, ಅವರಿಗೆ ಕರಣೆ ಸಿಕ್ಕಿದ್ದು ಗಂಡಸರು ಸಾಲದೇ ಹೋದಾಗ. ನಮ್ಮಲ್ಲಿ ಮೇಸ್ತ್ರಿ ಅನ್ನೋ ಪದ ಪೋರ್ಚುಗೀಸರ ಮೆಸ್ತ್ರೆಯಿಂದ ಬಂದಿದ್ದು. ಇಷ್ಟು ವರ್ಷವಾದರೂ ಅದಕ್ಕೆ ನಮ್ಮಲ್ಲಿ ಒಂದು ಸ್ತ್ರೀಲಿಂಗ ಹುಟ್ಟಿಲ್ಲ. ಮೇಸ್ತ್ರಿಯಮ್ಮ ಅಂದರೆ ಮೇಸ್ತ್ರಿಯ ಹೆಂಡತಿ ಅಂತಲೇ ಅರ್ಥ.

ನಮ್ಮ ತಪ್ಪೂ ಇದೆ, ಒಪ್ಪಿಕೊಳ್ತೀನಿ. ಕಟ್ಟಡ ಕುಸಿದಾಗ ಸ್ಕ್ರೀನಿನ ಕೆಳಗೆ "ಮೂವರು ಕಾರ್ಮಿಕರ ಸಾವು" ಅಂತ ಓಡಿಸ್ತೀವಿ. ನೀವು ಕೇಳ್ತೀರಿ, ನಿಮ್ಮ ಕಣ್ಣ ಮುಂದೆ ಮೂರು ಗಂಡಸರು ಬರ್ತಾರೆ. ಆಸ್ಪತ್ರೆ ಮುಂದೆ ಅಳ್ತಾ ಇರೋ ಹೆಂಗಸಿಗೆ ಮೈಕ್ ಹಿಡಿದಾಗ ಆಕೆಯನ್ನು ಸತ್ತವನ ಹೆಂಡತಿ ಅಂತ ಪರಿಚಯ ಮಾಡ್ತೀವಿ. ಆಕೆಯೂ ಅದೇ ಕಟ್ಟಡದಲ್ಲಿ ದುಡೀತಾ ಇದ್ದವಳು ಅಂತ ಹೇಳಲ್ಲ.

2010ರಲ್ಲಿ ದಿಲ್ಲಿಗೆ ಕಾಮನ್‌ವೆಲ್ತ್ ಗೇಮ್ಸ್ ಬಂತು. ಅದೇ ನೆಹರು ಸ್ಟೇಡಿಯಂಗೆ ಹೊಸ ರೂಪ ಕೊಡೋ ಕೆಲಸ. ಅದೇ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ 28 ವರ್ಷದ ನಂತರ ಮತ್ತೆ ಕೋರ್ಟಿಗೆ ಹೋಯಿತು, ಈ ಸಲ ದಿಲ್ಲಿ ಹೈಕೋರ್ಟಿಗೆ. ಕೋರ್ಟ್ ನೇಮಿಸಿದ ಸಮಿತಿಯಲ್ಲಿ ಮಾಜಿ ರಾಯಭಾರಿ ಅರುಂಧತಿ ಘೋಷ್ ಇದ್ದರು. ಕಾರ್ಮಿಕ ಕಾನೂನುಗಳನ್ನು ಗಾಳಿಗೆ ತೂರಿದ್ದನ್ನು ಸಮಿತಿ ಕಂಡು ವರದಿ ಕೊಟ್ಟಿತು. ಆ ವರ್ಷ ನಾವು ಟಿವಿಯವರು ಗೇಮ್ಸ್ ಹಗರಣದ ಕೋಟಿಗಳನ್ನು ಎಣಿಸ್ತಾ ಇದ್ವಿ, ಈ ವರದಿಗೆ ಜಾಗ ಸಿಕ್ಕಿದ್ದು ಕಮ್ಮಿ. ಅಕ್ಟೋಬರ್ 3ರಂದು ಉದ್ಘಾಟನೆ. ದೂರದರ್ಶನ ತನ್ನ ಎಚ್‌ಡಿ ಚಾನೆಲ್ ಶುರು ಮಾಡಿದ್ದು ಆ ಗೇಮ್ಸ್‌ನಲ್ಲೇ.